ಬಿರುಗಾಳಿಯ ನಷ್ಟವೂ ವಿಮೆಯ ತಕರಾರೂ



ಬಳ್ಳಾರಿ ಸೀಮೆಯ ಬೇಸಗೆಯನ್ನು ಬಲ್ಲವರಿಗೆ ಅಲ್ಲಿನ ಸಂಜೆಯ ಗಾಳಿಯನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಮಧ್ಯಾಹ್ನವೆಲ್ಲ ಕಾದು ಕೆಂಡವಾದ ಎರೆನೆಲದ ಮೇಲೆ ಇಳಿಹೊತ್ತಿಗೆ ಮೋಡ ಕವಿಯುತ್ತದೆ, ಧೂಳು ಏಳುತ್ತದೆ, ನೋಡುತ್ತಿರುವಂತೆಯೇ ಗಾಳಿ, ಗುಡುಗು, ಆಲಿಕಲ್ಲು ಮೂರೂ ಒಟ್ಟಾಗಿ ಎರಗುತ್ತವೆ. ಅರ್ಧ ಗಂಟೆಯಲ್ಲಿ ಎಲ್ಲವೂ ಶಾಂತ. ಆದರೆ ಆ ಅರ್ಧ ಗಂಟೆಯಲ್ಲಿ ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯಂತಹ ಊರಿನಲ್ಲಿ ಎಷ್ಟೋ ಮನೆಗಳ ತಗಡು ಹಾರಿರುತ್ತದೆ, ಎಷ್ಟೋ ಗೋದಾಮುಗಳಲ್ಲಿ ನೆಲ್ಲಿನ ಚೀಲಗಳು ನೆನೆದಿರುತ್ತವೆ. ೨೦೦೯ನೆಯ ಇಸವಿಯ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಸುರಿದ ಮಹಾವೃಷ್ಟಿಯು ಸಿರುಗುಪ್ಪದ ಕಡೆಯ ಹಳ್ಳಿಗಳನ್ನು ಹೇಗೆ ಕಾಡಿತೆಂಬುದನ್ನು ಅಲ್ಲಿನ ಜನರು ಇನ್ನೂ ಮರೆತಿಲ್ಲ.

ಗಾಳಿಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಅದರ ನಷ್ಟವನ್ನು ಹಂಚಿಕೊಳ್ಳುವ ಉಪಾಯವನ್ನು ಮಾತ್ರ ಮನುಷ್ಯನು ಕಂಡುಕೊಂಡಿದ್ದಾನೆ. ಅದಕ್ಕೆ ವಿಮೆಯೆಂದು ಹೆಸರು. ಸಾವಿರ ಜನರು ಸ್ವಲ್ಪ ಸ್ವಲ್ಪ ಹಣವನ್ನು ಒಂದು ಕಡೆ ಕೂಡಿಹಾಕಿ, ಅವರಲ್ಲಿ ಯಾರ ಮನೆ ಬಿದ್ದರೆ ಅವರಿಗೆ ಆ ಹುಂಡಿಯಿಂದ ಕೊಡುವುದೇ ಇದರ ಮರ್ಮ. ಹಣ ಕೊಡುವ ದಿನ ಬಂದಾಗ ಮಾತ್ರ ಅನೇಕ ವೇಳೆ ತಕರಾರು ಹುಟ್ಟುತ್ತದೆ. "ಇದು ಗಾಳಿಯಿಂದಾದ ನಷ್ಟವಲ್ಲ, ಮಾಡು ಹಳೆಯದಾಗಿತ್ತು" ಎಂದು ಕಂಪನಿ ಹೇಳುತ್ತದೆ. "ಗಾಳಿ ಬರುವ ತನಕ ಮಾಡು ಚೆನ್ನಾಗಿಯೇ ಇತ್ತಲ್ಲ" ಎಂದು ಮನೆಯವರು ಹೇಳುತ್ತಾರೆ. ಇಂತಹ ತಕರಾರಿನಲ್ಲಿ ಸಾಮಾನ್ಯ ಗೃಹಸ್ಥನಿಗೆ ಕಾನೂನಿನ ಯಾವ ಸಹಾಯವುಂಟು, ಅದನ್ನು ಪಡೆಯುವ ದಾರಿ ಯಾವುದು ಎಂಬುದನ್ನು ಕುರಿತು ನಾಲ್ಕು ಮಾತುಗಳನ್ನು ಈಗ ತಮ್ಮಲ್ಲಿ ಅರಿಕೆ ಮಾಡುವೆವು.

ವಿಷಯವು ಮನಸ್ಸಿಗೆ ನಾಟುವಂತಾಗಲು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಬಾದನಹಟ್ಟಿಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ತಾಯಿ ಇದ್ದಾಳೆ. ಮುಂದೆ ಕಿರಾಣಿ ಅಂಗಡಿ, ಹಿಂದೆ ತಗಡು ಹೊದಿಸಿದ ಒಂದು ಸಣ್ಣ ಗೋದಾಮು. ಕಾಲೇಜಿಗೆ ಹೋಗುವ ಮಗನೊಬ್ಬ. ಅಂಗಡಿಗೆ ಬ್ಯಾಂಕಿನ ಸಾಲವಿದೆ. ಸಾಲ ಕೊಟ್ಟವರೇ ವಿಮೆಯನ್ನೂ ಮಾಡಿಸಿದ್ದಾರೆ. ವರ್ಷ ವರ್ಷವೂ ಖಾತೆಯಿಂದ ಪ್ರೀಮಿಯಂ ಹಣವನ್ನು ಮುರಿದುಕೊಂಡಿದ್ದಾರೆ. ಸರಕಿಗೆ ಐದೂವರೆ ಲಕ್ಷ ರೂಪಾಯಿಯ ವಿಮೆ, ಕಟ್ಟಡಕ್ಕೆ ಬೇರೆ. ಆದರೆ ಪಾಲಿಸಿಯ ಕಾಗದವನ್ನು ಆಕೆ ಒಂದು ದಿನವೂ ಕಣ್ಣಿನಿಂದ ಕಂಡಿಲ್ಲ. ಒಂದು ಸಂಜೆ ಗಾಳಿ ಬಂದು ಗೋದಾಮಿನ ತಗಡುಗಳನ್ನು ಕಿತ್ತೆಸೆಯಿತು. ಹಿಂದೆಯೇ ಮಳೆ ಸುರಿಯಿತು. ಮಾಡಿಗೆ ಒಂದು ಲಕ್ಷ, ಸರಕಿಗೆ ಮೂರು ಲಕ್ಷ ನಷ್ಟ. ಕಂಪನಿಯ ಪರವಾಗಿ ಬಂದ ಸರ್ವೇಯರು ಎರಡು ಮಾತು ಬರೆದರು. ತಗಡಿನ ಮೊಳೆಗಳು ತುಕ್ಕು ಹಿಡಿದಿದ್ದುವು, ಆದುದರಿಂದ ಮಾಡಿನ ನಷ್ಟಕ್ಕೆ ಹಣವಿಲ್ಲ. ಗೋದಾಮಿನಲ್ಲಿದ್ದ ಸರಕಿನ ಬೆಲೆ ಹನ್ನೊಂದು ಲಕ್ಷ, ವಿಮೆ ಐದೂವರೆ ಲಕ್ಷಕ್ಕೆ ಮಾತ್ರ; ಆದುದರಿಂದ ಸರಕಿನ ನಷ್ಟದಲ್ಲಿ ಅರ್ಧ ಮಾತ್ರ ಸಲ್ಲತಕ್ಕದ್ದು. ನಾಲ್ಕು ಲಕ್ಷ ಕೇಳಿದ ತಾಯಿಗೆ ಒಂದೂವರೆ ಲಕ್ಷ. "ಇಲ್ಲೊಂದು ಸಹಿ ಹಾಕಿರಮ್ಮಾ, ನಾಳೆಯೇ ಹಣ ಬರುತ್ತದೆ" ಎಂದು ಒಂದು ಕಾಗದವೂ ಮುಂದೆ ಬಂದಿತು. ಆಕೆ ಈಗ ಏನು ಮಾಡಬೇಕು?

ಎಲ್ಲಕ್ಕೂ ಮೊದಲು ಪಾಲಿಸಿಯನ್ನು ತರಿಸಿ ಓದಬೇಕು. ಬ್ಯಾಂಕಿನಲ್ಲಿರುವ ಪಾಲಿಸಿಯ ಪ್ರತಿಯನ್ನು ಕೇಳಿ ಪಡೆಯುವ ಹಕ್ಕು ಆಕೆಗುಂಟು. ಓದುವಾಗ ಮೂರು ಸಂಗತಿಗಳನ್ನು ನೋಡಬೇಕು: ಯಾವ ಯಾವ ಅಪಾಯಗಳಿಗೆ ವಿಮೆ, ಯಾವ ಸ್ವತ್ತಿಗೆ ವಿಮೆ, ಎಷ್ಟು ಹಣಕ್ಕೆ ವಿಮೆ. ಬಹುಕಾಲ ನಡೆದುಬಂದ ಅಗ್ನಿ ಮತ್ತು ವಿಶೇಷ ಅಪಾಯಗಳ ಪಾಲಿಸಿಯಲ್ಲಿ ಬೆಂಕಿ, ಸಿಡಿಲುಗಳ ಜೊತೆಗೆ ಬಿರುಗಾಳಿ, ಚಂಡಮಾರುತ, ಪ್ರವಾಹ, ಜಲಾವೃತಿ ಇವೆಲ್ಲ ಒಂದು ಗುಂಪಾಗಿ ಸೇರಿರುತ್ತವೆ. ಆದರೆ ಪ್ರೀಮಿಯಂ ಕಡಿಮೆಯಾಗಲೆಂದು ಈ ಗುಂಪನ್ನೇ ತೆಗೆದುಹಾಕಿಸುವ ಅವಕಾಶವೂ ಅದರಲ್ಲಿ ಇದ್ದಿತು. ಹಾಗೆ ತೆಗೆದುಹಾಕಿದ ಪಾಲಿಸಿಯಿಂದ ಗಾಳಿಯ ನಷ್ಟಕ್ಕೆ ಬಿಡಿಕಾಸೂ ಹುಟ್ಟದು. ೨೦೨೧ನೆಯ ಇಸವಿಯ ಏಪ್ರಿಲ್ ೧ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ಮನೆಗಳಿಗಾಗಿ 'ಭಾರತ್ ಗೃಹ ರಕ್ಷಾ', ಐದು ಕೋಟಿ ರೂಪಾಯಿಯವರೆಗಿನ ಸಣ್ಣ ಉದ್ಯಮಗಳಿಗಾಗಿ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಏಕರೂಪದ ಪಾಲಿಸಿಗಳನ್ನು ಜಾರಿಗೆ ತಂದಿತು. ಇವುಗಳಲ್ಲಿ ಬಿರುಗಾಳಿಯೂ ಪ್ರವಾಹವೂ ಸೇರಿಯೇ ಇರುತ್ತವೆ. ನಮ್ಮ ತಾಯಿಯ ಪಾಲಿಸಿ ಈ ಎರಡನೆಯ ಬಗೆಯದೆಂದು ಇಟ್ಟುಕೊಳ್ಳೋಣ.

ಇಲ್ಲಿ ಇನ್ನೊಂದು ಮಾತನ್ನು ಬಿಡಿಸಿ ಹೇಳಬೇಕು. ಹೊಲದಲ್ಲಿ ನಿಂತ ಬೆಳೆಯ ವಿಮೆ ಬೇರೆ, ಗೋದಾಮಿನಲ್ಲಿರುವ ಸರಕಿನ ವಿಮೆ ಬೇರೆ. ಬೆಳೆಗೆ ೨೦೧೬ರ ಮುಂಗಾರಿನಿಂದ ನಡೆದುಬಂದಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯುಂಟು. ಅದರಲ್ಲಿ ಆಲಿಕಲ್ಲಿನಂತಹ ಸ್ಥಳೀಯ ವಿಪತ್ತಿನಿಂದ ನಷ್ಟವಾದಲ್ಲಿ ೭೨ ಗಂಟೆಗಳ ಒಳಗೆ ತಿಳಿಸಬೇಕು; ಕೊಯ್ದು ಹೊಲದಲ್ಲಿ ಹರಡಿದ ಬೆಳೆಗೆ ಅಕಾಲದ ಮಳೆಯಿಂದ ಕೇಡಾದರೆ ಕೊಯ್ಲಿನಿಂದ ೧೪ ದಿನಗಳ ತನಕ ರಕ್ಷಣೆಯುಂಟು. ಗಾಳಿಮಳೆಯಿಂದ ಮನೆ ಬಿದ್ದಾಗ ತಹಶೀಲ್ದಾರರ ಮೂಲಕ ಸರ್ಕಾರವು ಕೊಡುವ ಪರಿಹಾರವು ಇವೆರಡರಿಂದಲೂ ಬೇರೆಯಾದುದು. ಅದು ಸರ್ಕಾರದ ನೆರವು. ವಿಮೆಯಾದರೋ ಪ್ರೀಮಿಯಂ ಕೊಟ್ಟು ಕೊಂಡ ಕರಾರಿನ ಹಕ್ಕು. ಒಂದರ ಕಚೇರಿಯಲ್ಲಿ ಇನ್ನೊಂದರ ಅರ್ಜಿಯನ್ನು ಕೊಟ್ಟು ಕಾಲ ಕಳೆದುಕೊಂಡವರು ಅನೇಕರುಂಟು.

ಈಗ ತಕರಾರಿನ ತಿರುಳಿಗೆ ಬರೋಣ. ಅಮೆರಿಕ ದೇಶದಲ್ಲಿ ೨೦೦೫ರಲ್ಲಿ ಕತ್ರೀನಾ ಎಂಬ ಚಂಡಮಾರುತ ಬಂದಾಗ ಅಲ್ಲಿನ ನ್ಯಾಯಾಲಯಗಳಲ್ಲಿ ಒಂದು ವಿಚಿತ್ರವಾದ ವಾದವು ವರ್ಷಗಟ್ಟಲೆ ನಡೆಯಿತು. ಮನೆಯನ್ನು ಕೆಡವಿದ್ದು ಗಾಳಿಯೋ ನೀರೋ? ಅಲ್ಲಿನ ಸಾಮಾನ್ಯ ಗೃಹವಿಮೆಯು ಗಾಳಿಯ ನಷ್ಟವನ್ನು ಕೊಡುತ್ತಿತ್ತು, ಪ್ರವಾಹದ ನಷ್ಟವನ್ನು ಹೊರಗಿಟ್ಟಿತ್ತು. ನಮ್ಮ ದೇಶದ ಪಾಲಿಸಿಯಲ್ಲಿ ಎರಡೂ ಒಂದೇ ಗುಂಪಿನಲ್ಲಿರುವುದರಿಂದ ಆ ಜಗಳ ನಮಗೆ ಅಷ್ಟಾಗಿ ಇಲ್ಲ. ನಮ್ಮಲ್ಲಿನ ಜಗಳ ಬೇರೆ: ಗಾಳಿಯೋ ಹಳತೋ? ಪಾಲಿಸಿಯು ಬಿರುಗಾಳಿಗೆ ಹಣ ಕೊಡುತ್ತದೆ. ಸವೆತಕ್ಕೂ ತುಕ್ಕಿಗೂ ಕೊಡುವುದಿಲ್ಲ. ಹಳೆಯ ತೂತಿನಿಂದ ಸೋರಿದ ಮಳೆ ಬಿರುಗಾಳಿಯಲ್ಲ. ಗಾಳಿ ಮಾಡನ್ನು ಕಿತ್ತು, ಆ ಕಿಂಡಿಯಿಂದ ಮಳೆ ನುಗ್ಗಿದರೆ ಆ ಮಳೆಯ ನಷ್ಟವು ಗಾಳಿಯ ಲೆಕ್ಕಕ್ಕೇ ಸೇರುತ್ತದೆ.

ಈ ವಿಷಯದಲ್ಲಿ ಕಾನೂನಿನ ಒಂದು ತತ್ತ್ವವನ್ನು ನೆನಪಿಡಬೇಕು. ಬಿರುಗಾಳಿ ಬಂದಿತು, ಅದರಿಂದ ನಷ್ಟವಾಯಿತು ಎಂದು ತೋರಿಸುವ ಹೊಣೆ ವಿಮೆ ಮಾಡಿಸಿದವರದು. ಅದನ್ನು ತೋರಿಸಿದ ಮೇಲೆ, ಇದು ಪಾಲಿಸಿಯು ಹೊರಗಿಟ್ಟಿರುವ ಸಂಗತಿಯೆಂದು ಸಿದ್ಧಮಾಡುವ ಹೊಣೆ ಕಂಪನಿಯದು. ಮೊಳೆಗೆ ತುಕ್ಕಿತ್ತೆಂದು ಬರೆದರೆ ಸಾಲದು. ತಗಡು ಹಾರಿದ್ದು ಗಾಳಿಯಿಂದಲ್ಲ, ತುಕ್ಕಿನಿಂದಲೇ ಎಂದು ತೋರಿಸಬೇಕು. ಹಳೆಯ ಮಾಡೆಂಬ ಕಾರಣದಿಂದ ಬೆಲೆಯಲ್ಲಿ ಸವಕಳಿಯನ್ನು ಕಳೆಯಲು ಪಾಲಿಸಿಯ ಷರತ್ತಿನಲ್ಲಿ ಅವಕಾಶವಿರಬಹುದು. ಆದರೆ ಸವಕಳಿಯನ್ನು ಕಳೆಯುವುದು ಒಂದು, ಹಕ್ಕನ್ನೇ ಅಲ್ಲಗಳೆಯುವುದು ಇನ್ನೊಂದು.

ಹಾಗಾದರೆ ಬಿರುಗಾಳಿ ಬಂದಿತೆಂದು ತೋರಿಸುವುದು ಹೇಗೆ? ಗಾಳಿಯ ವೇಗವನ್ನು ಅಳೆಯುವ ಬ್ಯೂಫೋರ್ಟ್ ಮಾಪಕದಲ್ಲಿ ಗಂಟೆಗೆ ೮೯ರಿಂದ ೧೦೨ ಕಿಲೋಮೀಟರಿನ ಗಾಳಿಗೆ ಬಿರುಗಾಳಿಯೆಂದು ಹೆಸರು. ಆದರೆ ಸಾಮಾನ್ಯ ಪಾಲಿಸಿಗಳಲ್ಲಿ ಇಂತಿಷ್ಟೇ ವೇಗ ಇರಬೇಕೆಂದು ಬರೆದಿರುವುದಿಲ್ಲ. ಬರೆಯದ ಷರತ್ತನ್ನು ಆಮೇಲೆ ಹುಟ್ಟಿಸುವಂತಿಲ್ಲ. ಹತ್ತಾರು ಮೈಲಿ ದೂರದ ಹವಾಮಾನ ಠಾಣ್ಯದಲ್ಲಿ ಗಾಳಿ ಮಂದವಾಗಿತ್ತೆಂದ ಮಾತ್ರಕ್ಕೆ ನಮ್ಮ ಊರಿನಲ್ಲಿಯೂ ಮಂದವಾಗಿತ್ತೆಂದು ಹೇಳಲಾಗದು. ಬೇಸಗೆಯ ಗಾಳಿಮಳೆ ಒಂದು ಊರಿಗೆ ಬಂದು ಪಕ್ಕದ ಊರಿಗೆ ಬಾರದಿರುವುದು ನಮ್ಮೆಲ್ಲರ ಅನುಭವವಷ್ಟೆ. ಈ ತೊಡಕಿಗೆ ಕರ್ನಾಟಕದಲ್ಲಿ ಒಂದು ಒಳ್ಳೆಯ ಸಾಧನವುಂಟು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನೂ ಹೋಬಳಿಗಳ ಮಟ್ಟದಲ್ಲಿ ಹವಾಮಾನ ಯಂತ್ರಗಳನ್ನೂ ಇರಿಸಿದೆ. ನಷ್ಟವಾದ ದಿನದ ಅಂಕಿಗಳನ್ನು ಅಲ್ಲಿಂದ ಬರೆದು ಕೇಳಿ ಪಡೆದರೆ, ವಾದದ ಅರ್ಧ ಭಾರ ಇಳಿದಂತೆಯೇ.

ಉಳಿದ ಸಾಕ್ಷ್ಯವನ್ನು ಮನೆಯವರೇ ಕೂಡಿಡಬೇಕು. ಗಾಳಿ ನಿಂತೊಡನೆ, ಏನನ್ನೂ ಎತ್ತಿಡುವ ಮುಂಚೆ ಚಿತ್ರಗಳನ್ನು ತೆಗೆದುಕೊಳ್ಳಬೇಕು: ಹಾರಿದ ತಗಡು ಬಿದ್ದ ಜಾಗ, ಬಾಗಿದ ಕಬ್ಬಿಣದ ಪಟ್ಟಿ, ಬೀದಿಯಲ್ಲಿ ಉರುಳಿದ ಮರ, ವಾಲಿದ ವಿದ್ಯುತ್ ಕಂಬ, ನೆರೆಯವರ ಮನೆಗಾದ ನಷ್ಟ. ನೆರೆಯವರ ಹೊಸ ಮಾಡೂ ಹಾರಿತ್ತೆಂದು ತೋರಿಸಿದರೆ ತುಕ್ಕಿನ ವಾದವು ತಾನಾಗಿ ಸಡಿಲವಾಗುತ್ತದೆ. ಗ್ರಾಮ ಆಡಳಿತಾಧಿಕಾರಿಗಳಿಂದ ಮಹಜರು ಮಾಡಿಸಿ ಅದರ ನಕಲನ್ನು ಪಡೆಯಬೇಕು. ಹೀಗೆ ಸಾಕ್ಷ್ಯವಾದ ಮೇಲೆ ಉಳಿದ ಸರಕನ್ನು ಒಣಗಿಸಿ ಕಾಪಾಡಬೇಕು. ನಷ್ಟವು ಬೆಳೆಯದಂತೆ ನೋಡಿಕೊಳ್ಳುವುದೂ ವಿಮೆ ಮಾಡಿಸಿದವರ ಕರ್ತವ್ಯವೇ. ಕಂಪನಿಗೆ ಒಡನೆಯೇ ತಿಳಿಸಿ, ತಿಳಿಸಿದ್ದಕ್ಕೆ ಬರೆಹದ ಗುರುತನ್ನು ಇಟ್ಟುಕೊಳ್ಳಬೇಕು. ವಿವರವಾದ ಕ್ಲೇಮು ಅರ್ಜಿಯನ್ನು ಕೊಡಲು ಹಳೆಯ ಅಗ್ನಿ ಪಾಲಿಸಿಯಲ್ಲಿ ೧೫ ದಿನ, ಗೃಹ ರಕ್ಷಾ ಪಾಲಿಸಿಯಲ್ಲಿ ೩೦ ದಿನ ಎಂದು ಗಡುವಿರುತ್ತದೆ. ಗಡುವಿನೊಳಗೆ ಎಲ್ಲ ಕಾಗದವೂ ಸಿಕ್ಕದಿದ್ದರೆ ಸಿಕ್ಕಿದಷ್ಟನ್ನು ಕೊಟ್ಟು, ಉಳಿದುದಕ್ಕೆ ಕಾಲಾವಕಾಶವನ್ನು ಬರೆದು ಕೇಳಬೇಕು.

ಸರ್ವೇಯರ ವಿಷಯದಲ್ಲಿ ಜನರಲ್ಲಿ ಒಂದು ಭ್ರಮೆಯಿದೆ. ಅವರು ಬರೆದುದೇ ಕೊನೆಯ ತೀರ್ಪೆಂದು ಅನೇಕರು ತಿಳಿಯುತ್ತಾರೆ. ೧೯೩೮ರ ವಿಮಾ ಶಾಸನದ ಪ್ರಕಾರ ಒಂದು ಮಿತಿಗೆ ಮೇಲ್ಪಟ್ಟ ನಷ್ಟಕ್ಕೆ ಪರವಾನಗಿ ಪಡೆದ ಸರ್ವೇಯರ ವರದಿ ಅವಶ್ಯವೆಂಬುದು ನಿಜ. ಆದರೆ ಪ್ರದೀಪ್ ಕುಮಾರ್ ಎಂಬವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೯ರಲ್ಲಿ ಸ್ಪಷ್ಟಪಡಿಸಿರುವಂತೆ, ಸರ್ವೇಯರ ವರದಿಯು ಲೆಕ್ಕದ ಆಧಾರವಾಗಬಹುದೇ ಹೊರತು ಕಟ್ಟುಮಾಡಿದ ಕಡೆಯ ಮಾತಲ್ಲ. ಆ ವರದಿಯ ಪ್ರತಿಯನ್ನು ಕೇಳಿ ಪಡೆದು, ಅದು ತಪ್ಪಾಗಿದ್ದಲ್ಲಿ ಸಾಲು ಸಾಲಿಗೂ ಉತ್ತರ ಬರೆಯಬಹುದು. ನಮ್ಮ ತಾಯಿಯ ಸಂಗತಿಯಲ್ಲಿ ಹಾಗೆ ಬರೆದುದರಿಂದ ಏನಾಗುತ್ತದೆಂಬುದನ್ನು ನೋಡೋಣ.

ಹನ್ನೊಂದು ಲಕ್ಷ ಬೆಲೆಯ ಸರಕಿಗೆ ಐದೂವರೆ ಲಕ್ಷದ ವಿಮೆಯಿದ್ದರೆ ನಷ್ಟದ ಅರ್ಧ ಭಾಗವನ್ನು ಮಾಲೀಕನೇ ಹೊರಬೇಕೆಂಬುದು ವಿಮೆಯ ಹಳೆಯ ನಿಯಮ. ಅರ್ಧಕ್ಕೆ ಪ್ರೀಮಿಯಂ ಕೊಟ್ಟವನಿಗೆ ಅರ್ಧ ರಕ್ಷಣೆ. ಇದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಹನ್ನೊಂದು ಲಕ್ಷವೆಂಬ ಲೆಕ್ಕ ಎಲ್ಲಿಂದ ಬಂದಿತು? ಮಗನು ಅಂಗಡಿಯ ಕಿರ್ದಿಯನ್ನು ತೆರೆದು ನೋಡಿದಾಗ ಆಕೆಯ ಸ್ವಂತ ಸರಕು ಆರು ಲಕ್ಷ ಇಪ್ಪತ್ತು ಸಾವಿರ ರೂಪಾಯಿಯದು ಮಾತ್ರ. ಉಳಿದ ಚೀಲಗಳು ಬೆಲೆ ಏರಲೆಂದು ಊರಿನ ರೈತರು ತಂದಿಟ್ಟವು. ಅವುಗಳ ಚೀಟಿಗಳೂ ಇವೆ. ಎಲ್ಲ ಚೀಲಗಳನ್ನೂ ಆಕೆಯವೆಂದೇ ಸರ್ವೇಯರು ಎಣಿಸಿಬಿಟ್ಟಿದ್ದಾರೆ. ಮೂರು ಲಕ್ಷದ ನಷ್ಟವೆಂದು ಆಕೆ ಕೇಳಿದ್ದಾದರೋ ತನ್ನ ಚೀಲಗಳಿಗೆ ಮಾತ್ರ. ಆರು ಲಕ್ಷ ಇಪ್ಪತ್ತು ಸಾವಿರಕ್ಕೆ ಐದೂವರೆ ಲಕ್ಷವೆಂದರೆ ಕೊರತೆ ಎಪ್ಪತ್ತು ಸಾವಿರ, ಅಂದರೆ ನೂರಕ್ಕೆ ಹನ್ನೊಂದರಷ್ಟು. ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ನೂರಕ್ಕೆ ಹದಿನೈದರವರೆಗಿನ ಕೊರತೆಯನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲವೆಂದು ಬರೆದಿದೆ. ಆದುದರಿಂದ ಅರ್ಧಕ್ಕೆ ಇಳಿಸಿದ ಹಣವು ಪೂರ್ಣವಾಗಿ ಸಲ್ಲಬೇಕು. ಒಂದೂವರೆ ಲಕ್ಷ ಮೂರು ಲಕ್ಷವಾದದ್ದು ಯಾವ ದೊಡ್ಡ ವಕೀಲರ ವಾದದಿಂದಲೂ ಅಲ್ಲ, ದಿನವೂ ಬರೆದಿಟ್ಟ ಒಂದು ಕಿರ್ದಿಯಿಂದ.

ಹಾಗಾದರೆ ಚೀಲ ತಂದಿಟ್ಟ ರೈತರ ಗತಿಯೇನು? ಅವರ ಸರಕು ಪಾಲಿಸಿಯೊಳಗೆ ಸೇರಿತ್ತೇ ಇಲ್ಲವೇ ಎಂಬುದರ ಮೇಲೆ ಅದು ನಿಲ್ಲುತ್ತದೆ. ಇದಕ್ಕೆ ಹತ್ತಿರವಾದ ಒಂದು ತೀರ್ಪು ೨೦೨೦ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಬಂದಿತು. ಬ್ಯಾಡಗಿ ಮೆಣಸಿನಕಾಯಿಯನ್ನು ಬೆಳೆದ ಸಣ್ಣ ಹಿಡುವಳಿಯ ರೈತರು ಅದನ್ನು ಒಂದು ಶೀತಲ ಗೃಹದಲ್ಲಿ ಇರಿಸಿ, ಅದರ ಮೇಲೆ ಕೆನರಾ ಬ್ಯಾಂಕಿನಿಂದ ಸಾಲ ಪಡೆದಿದ್ದರು. ೨೦೧೪ರ ಜನವರಿಯಲ್ಲಿ ಆ ಗೃಹಕ್ಕೆ ಬೆಂಕಿ ಬಿದ್ದಿತು. ವಿಮೆ ಮಾಡಿಸಿದ್ದು ಶೀತಲ ಗೃಹದವರು, ರೈತರಲ್ಲ. ಆದುದರಿಂದ ರೈತರಿಗೆ ಕೇಳುವ ಹಕ್ಕಿಲ್ಲವೆಂದು ಕಂಪನಿ ವಾದಿಸಿತು. ಆ ವಿಮೆಯ ಪ್ರಯೋಜನವು ರೈತರಿಗಾಗಿಯೂ ಇದ್ದುದರಿಂದ ಅವರೂ ಗ್ರಾಹಕರೇ ಎಂದು ನ್ಯಾಯಾಲಯವು ತೀರ್ಮಾನಿಸಿತು. ಅದು ಗಾಳಿಯ ಮೊಕದ್ದಮೆಯಲ್ಲ, ಬೆಂಕಿಯದು; ಆದರೆ ಅದರ ತತ್ತ್ವವು ಎರಡಕ್ಕೂ ಒಂದೇ. ಪರರ ಗೋದಾಮಿನಲ್ಲಿ ಬೆಳೆಯನ್ನಿಡುವ ರೈತನು "ಇದಕ್ಕೆ ವಿಮೆಯುಂಟೇ, ಅದರಲ್ಲಿ ನಮ್ಮ ಸರಕೂ ಸೇರಿದೆಯೇ" ಎಂದು ಇಡುವ ದಿನವೇ ಕೇಳಿ, ರಶೀದಿಯನ್ನು ಭದ್ರವಾಗಿ ಇಟ್ಟುಕೊಳ್ಳುವುದು ಲೇಸು.

ಇನ್ನು ಸಹಿಯ ವಿಷಯ. ಕಂಪನಿಯವರು ಮುಂದಿಡುವ ಕಾಗದದಲ್ಲಿ ಸಾಮಾನ್ಯವಾಗಿ "ಪೂರ್ಣ ಮತ್ತು ಅಂತಿಮವಾಗಿ ಸಂದಿದೆ" ಎಂದು ಬರೆದಿರುತ್ತದೆ. ೧೯೯೯ರಲ್ಲಿ ಅಜ್ಮೇರ್ ಸಿಂಗ್ ಹತ್ತಿ ಗಿರಣಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದ್ದು ಎರಡು ಮಾತು. ಅಂತಹ ಕಾಗದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಮಿಕ್ಕ ಹಣವನ್ನು ಕೇಳುವ ಹಕ್ಕು ತಾನಾಗಿ ನಾಶವಾಗದು. ಆದರೆ ಮೋಸದಿಂದಲೋ ಸುಳ್ಳು ಹೇಳಿಯೋ ಒತ್ತಾಯದಿಂದಲೋ ಸಹಿ ಪಡೆದರೆಂಬುದನ್ನು ಕೇಳುವವರು ಸಿದ್ಧಮಾಡಬೇಕು. ಆ ಗಿರಣಿಯವರು ಅದನ್ನು ಸಿದ್ಧಮಾಡಲಾರದೆ ಸೋತರು. ಜನರು ಮೊದಲನೆಯ ಮಾತನ್ನು ನೆನಪಿಟ್ಟು ಎರಡನೆಯದನ್ನು ಮರೆಯುತ್ತಾರೆ. ಆದುದರಿಂದ ನಮ್ಮ ತಾಯಿಯು ಸಹಿಗೆ ಮೊದಲೇ "ಒಪ್ಪಿತವಾದ ಭಾಗವನ್ನು ಕೊಡಿರಿ, ಮಿಕ್ಕುದರ ಹಕ್ಕನ್ನು ನಾವು ಬಿಟ್ಟಿಲ್ಲ" ಎಂದು ಕಂಪನಿಗೆ ಬರೆಯತಕ್ಕದ್ದು. ಹಣದ ಅಡಚಣೆಯಿಂದ ಸಹಿ ಹಾಕಲೇಬೇಕಾಗಿ ಬಂದರೆ, ಯಾವ ಸ್ಥಿತಿಯಲ್ಲಿ ಹಾಕಿದೆವೆಂಬುದನ್ನು ತಡಮಾಡದೆ ಬರೆದು ತಿಳಿಸಬೇಕು. ಆರು ತಿಂಗಳ ಮೇಲೆ ನೆನಪಾದ ಒತ್ತಾಯವನ್ನು ನ್ಯಾಯಾಧೀಶರು ಸುಲಭವಾಗಿ ನಂಬುವುದಿಲ್ಲ.

ಕಂಪನಿಯು ಕ್ಲೇಮನ್ನು ನಿರಾಕರಿಸಿದರೆ ಅದರ ಕಾರಣಗಳನ್ನು ಬರೆಹದಲ್ಲಿಯೇ ಪಡೆಯಬೇಕು. ಸೌರಾಷ್ಟ್ರ ಕೆಮಿಕಲ್ಸ್ ಎಂಬವರ ಮೊಕದ್ದಮೆಯಲ್ಲಿ ೨೦೧೯ರಲ್ಲಿ ತೀರ್ಮಾನವಾದಂತೆ, ನಿರಾಕರಣೆಯ ಪತ್ರದಲ್ಲಿ ಹೇಳದ ಕಾರಣವನ್ನು ಕಂಪನಿಯು ಆಮೇಲೆ ನ್ಯಾಯಾಲಯದಲ್ಲಿ ಹೊಸದಾಗಿ ಎತ್ತುವಂತಿಲ್ಲ. ತುಕ್ಕೆಂದು ಬರೆದವರು ಮರುವರ್ಷ ತಡವಾಯಿತೆಂದು ವಾದಿಸಲಾಗದು. ಹಾಗೆಯೇ ೨೦೨೦ರಲ್ಲಿ ಜೆ.ಕೆ. ಸಿಮೆಂಟಿನವರ ಮೊಕದ್ದಮೆಯಲ್ಲಿ, ಅಂಗಳದಲ್ಲಿ ರಾಶಿ ಹಾಕಿದ ಕಲ್ಲಿದ್ದಲು ಭಾರಿ ಮಳೆಗೆ ಕೊಚ್ಚಿಹೋದಾಗ, ಪ್ರವಾಹ ಮತ್ತು ಜಲಾವೃತಿಯೆಂಬ ಮಾತುಗಳಿಗೆ ಸಂಕುಚಿತವಾದ ಅರ್ಥವನ್ನು ಮಾಡಿ ಹಣವನ್ನು ತಪ್ಪಿಸಲು ನ್ಯಾಯಾಲಯವು ಒಪ್ಪಲಿಲ್ಲ.

ಇಷ್ಟಾದರೂ ಕಂಪನಿಯು ಒಪ್ಪದಿದ್ದರೆ ಹೋಗತಕ್ಕ ಬಾಗಿಲುಗಳು ನಾಲ್ಕು. ಅವುಗಳಲ್ಲಿ ಯಾವುದನ್ನು ಮೊದಲು ತಟ್ಟಬೇಕೆಂಬುದೇ ವಿವೇಕದ ಕೆಲಸ.

ಮೊದಲನೆಯ ಬಾಗಿಲು ವಿಮಾ ಲೋಕಪಾಲರದು. ಓಂಬುಡ್ಸ್‌ಮನ್ ಎಂದು ಕರೆಯುವರು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಮನೆಯ ಮಾಲೀಕರೂ ಒಡೆತನದ ಸಣ್ಣ ಅಂಗಡಿಯವರೂ ಅಲ್ಲಿಗೆ ಹೋಗಬಹುದು. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರವು ಸಮಾಧಾನಕರವಲ್ಲದಿದ್ದರೆ, ಒಂದು ವರ್ಷದೊಳಗೆ ದೂರನ್ನು ಕೊಡಬೇಕು. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ೨೦೨೩ರ ನವೆಂಬರಿನಲ್ಲಿ ಮಾಡಿದ ತಿದ್ದುಪಡಿಯಂತೆ ಐವತ್ತು ಲಕ್ಷ ರೂಪಾಯಿಯವರೆಗೂ ಅವರು ಕೊಡಿಸಬಹುದು. ಅವರ ಆದೇಶಕ್ಕೆ ಕಂಪನಿಯು ಬದ್ಧ. ಆದರೆ ಅದೇ ವಿಷಯವನ್ನು ಮೊದಲೇ ನ್ಯಾಯಾಲಯಕ್ಕೋ ಗ್ರಾಹಕರ ಆಯೋಗಕ್ಕೋ ಒಯ್ದಿದ್ದರೆ ಈ ಬಾಗಿಲು ತೆರೆಯುವುದಿಲ್ಲ.

ಎರಡನೆಯದು ಶಾಶ್ವತ ಲೋಕ ಅದಾಲತ್ತು. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಶಾಸನವು ಸಾರ್ವಜನಿಕ ಉಪಯುಕ್ತ ಸೇವೆಗಳ ಸಾಲಿನಲ್ಲಿ ವಿಮೆಯನ್ನೂ ಸೇರಿಸಿದೆ. ಒಂದು ಕೋಟಿ ರೂಪಾಯಿಯವರೆಗಿನ ತಕರಾರನ್ನು ಅಲ್ಲಿ ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲು ನೋಡುತ್ತಾರೆ. ರಾಜಿಯಾಗದಿದ್ದರೆ ತಾವೇ ತೀರ್ಮಾನ ಮಾಡುತ್ತಾರೆ. ಆ ತೀರ್ಮಾನಕ್ಕೆ ಅಪೀಲಿಲ್ಲ. ಬೇಗ ಮುಗಿಯುವುದು ಇದರ ಗುಣ. ತಪ್ಪಾದರೆ ಮೇಲೆ ಹೋಗುವ ಮೆಟ್ಟಲಿಲ್ಲದಿರುವುದು ಇದರ ಮಿತಿ.

ಮೂರನೆಯದು ಜಿಲ್ಲಾ ಗ್ರಾಹಕರ ಆಯೋಗ. ೨೦೧೯ರ ಶಾಸನದ ಪ್ರಕಾರ ದೂರುದಾರರು ತಾವು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದಾದುದರಿಂದ ಬಾದನಹಟ್ಟಿಯವರು ಕಂಪನಿಯ ಮುಖ್ಯ ಕಚೇರಿಯಿರುವ ನಗರಕ್ಕೆ ಅಲೆಯಬೇಕಾಗಿಲ್ಲ, ಬಳ್ಳಾರಿಯೇ ಸಾಕು. ಯಾವ ಮಟ್ಟದ ಆಯೋಗಕ್ಕೆ ಹೋಗಬೇಕೆಂಬುದನ್ನು ವಿಮೆಯ ಮೊತ್ತದಿಂದಲ್ಲ, ಕೊಟ್ಟ ಪ್ರೀಮಿಯಂ ಹಣದಿಂದ ಲೆಕ್ಕ ಹಾಕುತ್ತಾರೆ. ಐದು ಲಕ್ಷದವರೆಗಿನ ಪ್ರತಿಫಲಕ್ಕೆ ದೂರಿನ ಶುಲ್ಕವೂ ಇಲ್ಲ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಅಂಗಡಿಯು ವ್ಯಾಪಾರದ್ದು, ಆದುದರಿಂದ ಗ್ರಾಹಕರಲ್ಲ ಎಂಬ ಆಕ್ಷೇಪಣೆಗೆ ಹರ್ಸೋಲಿಯಾ ಮೋಟಾರ್ಸ್ ಮೊಕದ್ದಮೆಯ ೨೦೨೩ರ ತೀರ್ಪು ಉತ್ತರ ಕೊಟ್ಟಿದೆ: ವಿಮೆಯನ್ನು ಮಾಡಿಸುವುದು ನಷ್ಟವನ್ನು ತುಂಬಿಕೊಳ್ಳುವುದಕ್ಕೆ, ಲಾಭ ಗಳಿಸುವುದಕ್ಕಲ್ಲ.

ನಾಲ್ಕನೆಯದು ಸಿವಿಲ್ ನ್ಯಾಯಾಲಯ. ನಿರಾಕರಿಸಿದ ದಿನದಿಂದ ಮೂರು ವರ್ಷದ ಅವಧಿಯುಂಟು. ಬಹಳ ಸಾಕ್ಷಿಗಳನ್ನು ವಿಚಾರಿಸಬೇಕಾದ ತೊಡಕಿನ ವ್ಯಾಜ್ಯಕ್ಕೆ ಅದು ತಕ್ಕ ಸ್ಥಳ. ಆದರೆ ಕೆಲವು ಪಾಲಿಸಿಗಳಲ್ಲಿ ನಿರಾಕರಣೆಯಾದ ಹನ್ನೆರಡು ತಿಂಗಳೊಳಗೆ ದಾವೆ ಹೂಡದಿದ್ದರೆ ಕ್ಲೇಮು ಬಿದ್ದುಹೋಯಿತೆಂಬ ಷರತ್ತಿರುತ್ತದೆ. ಆ ಷರತ್ತು ನಿಲ್ಲುವುದೋ ಇಲ್ಲವೋ ಎಂಬ ವಾದವನ್ನು ವಕೀಲರಿಗೆ ಬಿಟ್ಟು, ಯಾವ ಬಾಗಿಲಿಗೇ ಆಗಲಿ ಹನ್ನೆರಡು ತಿಂಗಳೊಳಗೇ ಹೋಗುವುದು ಕ್ಷೇಮ.

ಇಲ್ಲೆಲ್ಲ ಹಣವಿಲ್ಲದವರು ಏನು ಮಾಡಬೇಕೆಂದು ತಾವು ಕೇಳಬಹುದು. ಅದಕ್ಕೆ ಉತ್ತರವು ಆ ೧೯೮೭ರ ಶಾಸನದಲ್ಲಿಯೇ ಇದೆ. ಅದರ ಹನ್ನೆರಡನೆಯ ಪ್ರಕರಣದಂತೆ ಹೆಂಗಸರೂ ಮಕ್ಕಳೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರೂ, ಅಂಗವೈಕಲ್ಯವುಳ್ಳವರೂ, ಕೈಗಾರಿಕೆಯ ಕೆಲಸಗಾರರೂ, ಗೊತ್ತಾದ ಮಿತಿಗಿಂತ ಕಡಿಮೆ ವರಮಾನದವರೂ ಉಚಿತವಾಗಿ ವಕೀಲರನ್ನು ಪಡೆಯಬಹುದು. ಇನ್ನೂ ಒಂದು ಮಾತು ಅಲ್ಲಿದೆ: ಸಾಮೂಹಿಕ ದುರಂತ, ಪ್ರವಾಹ, ಬರ, ಭೂಕಂಪ ಮುಂತಾದ ವಿಪತ್ತಿಗೆ ಸಿಕ್ಕಿ ತಮ್ಮ ತಪ್ಪಿಲ್ಲದೆ ಕಷ್ಟಕ್ಕೆ ಬಿದ್ದವರಿಗೂ ಈ ಹಕ್ಕುಂಟು. ನಮ್ಮ ತಾಯಿಯು ಹೆಂಗಸೆಂಬ ಒಂದೇ ಕಾರಣವೇ ಸಾಕು. ಆಕೆಯ ವರಮಾನವನ್ನು ಯಾರೂ ಕೇಳುವಂತಿಲ್ಲ. ಈ ನೆರವು ಸಿವಿಲ್ ನ್ಯಾಯಾಲಯಕ್ಕೆ ಮಾತ್ರವಲ್ಲದೆ ಗ್ರಾಹಕರ ಆಯೋಗದಂತಹ ಅಧಿಕಾರ ಸ್ಥಾನಗಳಿಗೂ ಸಲ್ಲುತ್ತದೆ. ಬಳ್ಳಾರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ೧೫೧೦೦ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ದಾರಿಯನ್ನು ವಿಚಾರಿಸಬಹುದು. ವಿಮೆಯ ದೂರಿಗೆ ನಿಯಂತ್ರಣ ಪ್ರಾಧಿಕಾರದ ೧೫೫೨೫೫, ಗ್ರಾಹಕರ ಸಲಹೆಗೆ ೧೯೧೫ ಎಂಬ ಸಂಖ್ಯೆಗಳುಂಟು.

ಎಚ್ಚರಿಕೆಯ ಎರಡು ಮಾತುಗಳನ್ನು ಹೇಳದೆ ಮುಗಿಸಲಾಗದು. ಗಾಳಿ ಬಂದು ಹೋದ ಊರಿಗೆ ಅದರ ಹಿಂದೆಯೇ ಕೆಲವರು ಬರುತ್ತಾರೆ. "ಬಂದ ಹಣದಲ್ಲಿ ಮೂರರಲ್ಲಿ ಒಂದು ಪಾಲು ನಮಗಿರಲಿ, ಕ್ಲೇಮನ್ನು ನಾವು ಮಾಡಿಸಿಕೊಡುತ್ತೇವೆ" ಎನ್ನುತ್ತಾರೆ. ಗೆದ್ದ ಹಣದಲ್ಲಿ ಪಾಲು ಕೇಳುವುದು ವಕೀಲರ ವೃತ್ತಿಧರ್ಮಕ್ಕೆ ವಿರುದ್ಧವೆಂದು ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಪಾಲು ಕೇಳುವವರು ವಕೀಲರಲ್ಲದಿದ್ದರಂತೂ ಇನ್ನೂ ದೂರವಿರಬೇಕು. ಬರೆಯದ ಕಾಗದಕ್ಕೆ ಸಹಿಯನ್ನೂ ಪಾಲಿಸಿಯ ಮೂಲಪ್ರತಿಯನ್ನೂ ಯಾರ ಕೈಗೂ ಕೊಡಬಾರದು. ಎರಡನೆಯದಾಗಿ, ನಷ್ಟವನ್ನು ಹೆಚ್ಚಿಸಿ ಹೇಳಬಾರದು. ವಿಮೆಯು ನಂಬಿಕೆಯ ಮೇಲೆ ನಿಂತ ಕರಾರು. ಹತ್ತು ಚೀಲ ನೆನೆದದ್ದನ್ನು ಇಪ್ಪತ್ತೆಂದು ಬರೆದರೆ, ಸುಳ್ಳಾದ ಹತ್ತಕ್ಕೆ ಮಾತ್ರವಲ್ಲ, ನಿಜವಾದ ಹತ್ತಕ್ಕೂ ಹಣ ತಪ್ಪಬಹುದು. ಮೋಸವು ಕಂಡಲ್ಲಿ ಎಲ್ಲ ಹಕ್ಕೂ ಹೋಗುವುದೆಂಬುದು ಪಾಲಿಸಿಯ ಷರತ್ತು. ರೈತರು ಇಟ್ಟ ಚೀಲಗಳನ್ನು ನಮ್ಮ ತಾಯಿಯು ತನ್ನವೆಂದು ಬರೆದುಕೊಂಡಿದ್ದರೆ ಆಕೆಯ ಲೆಕ್ಕವೂ ಕೆಡುತ್ತಿತ್ತು, ಮಾನವೂ ಹೋಗುತ್ತಿತ್ತು.

ನಮ್ಮ ಹಳ್ಳಿಗಳಲ್ಲಿ ಅನೇಕರು ಕಂಪನಿಯ ಪತ್ರ ಬಂದೊಡನೆ "ದೊಡ್ಡವರ ಎದುರು ನಮ್ಮ ಮಾತೇನು ನಡೆದೀತು" ಎಂದು ಕೈಚೆಲ್ಲಿ ಕುಳಿತುಬಿಡುವರು. ಒಂದು ಬೇಸಗೆಯ ಗಾಳಿಗೆ ಹೋದ ಅಂಗಡಿ ಹೀಗೆ ಹೋದುದೇ ಆಗುತ್ತದೆ. ಸಾಲದ ಬಡ್ಡಿ ಬೆಳೆಯುತ್ತದೆ. ಕಾಲೇಜಿನ ಹುಡುಗ ಓದನ್ನು ಬಿಟ್ಟು ಕೂಲಿಗೆ ಹೊರಡುತ್ತಾನೆ. ನಷ್ಟಕ್ಕಿಂತ ದೊಡ್ಡ ನಷ್ಟವೆಂದರೆ ಇದೇ. ವಿಮೆಯ ಹಣವು ಯಾರೂ ಕೊಡುವ ದಾನವಲ್ಲ. ವರ್ಷ ವರ್ಷವೂ ಪ್ರೀಮಿಯಂ ಕೊಟ್ಟು ಕೊಂಡದ್ದು. ಅದನ್ನು ಕೇಳುವುದರಲ್ಲಿ ನಾಚಿಕೆಯೂ ಬೇಡ, ಅಂಜಿಕೆಯೂ ಬೇಡ. ಕಾಗದವಿರಬೇಕು, ಗಡುವಿನ ಎಚ್ಚರವಿರಬೇಕು, ನಿಜವಿರಬೇಕು. ಮಳೆಗಾಲಕ್ಕೆ ಮುಂಚೆ ಮಾಡಿನ ಮೊಳೆಗಳನ್ನು ಬಿಗಿಮಾಡುವ ದಿನವೇ ಪೆಟ್ಟಿಗೆಯಿಂದ ಪಾಲಿಸಿಯನ್ನು ತೆಗೆದು ಒಮ್ಮೆ ಓದಿ, ಮನೆಯ ಒಂದೆರಡು ಚಿತ್ರಗಳನ್ನು ತೆಗೆದಿಡಿರಿ. ಗಾಳಿ ಬಂದ ಮೇಲೆ, ಬರುವುದಕ್ಕೆ ಮೊದಲು ಮಾಡು ಹೇಗಿತ್ತೆಂದು ಹೇಳಲು ಅವೇ ಸಾಕ್ಷಿ.